ಫೋಕಸ್ ಕೂರುತ್ತಿಲ್ಲ, ಬೆಳಕು ಏರುಪೇರು: ಕ್ಯಾಮೆರಾದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಫೋಕಸ್ ಕೈಕೊಡುತ್ತಿದೆ, ಚಿತ್ರಗಳು ಒಂದೋ ಕಪ್ಪಾಗುತ್ತಿವೆ ಇಲ್ಲವೇ ಬೆಳ್ಳಗೆ ಹೊಡೆದುಹೋಗುತ್ತಿವೆ ಎಂಬ ದೂರು ಬಂದರೆ ತಪ್ಪು ಇರಬಹುದಾದ ಜಾಗ ನಾಲ್ಕು: ಸೆಟ್ಟಿಂಗ್, ಬೆಳಕು, ಲೆನ್ಸ್, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ). ಹುಡುಕಾಟವೂ ಇದೇ ಕ್ರಮದಲ್ಲಿ ನಡೆಯಬೇಕು. ಮೊದಲೆರಡನ್ನು ನೋಡಲು ಕಾಸು ಖರ್ಚಾಗುವುದಿಲ್ಲ, ಮತ್ತು ಬಹುಪಾಲು ದೂರುಗಳು ಅಲ್ಲೇ ತೀರಿಹೋಗುತ್ತವೆ. ಲೆನ್ಸ್ ಕೆಟ್ಟಿದೆ ಎಂದು ಮೊದಲೇ ತೀರ್ಮಾನಿಸಿ ಸರ್ವೀಸ್‌ಗೆ ಒಯ್ದರೆ ದುಡ್ಡೂ ಹೋಗುತ್ತದೆ, ದೋಷವೂ ಹಾಗೇ ಉಳಿಯುತ್ತದೆ.

ಶುರುಮಾಡುವ ಮುನ್ನ ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ. ದೊಡ್ಡ ಟೆಲಿ (ದೂರದ್ದನ್ನು ಹತ್ತಿರ ತೋರಿಸುವ) ಲೆನ್ಸ್‌ನ ಮೋಟಾರ್ ಬಹಳ ಕರೆಂಟ್ ಎಳೆಯುತ್ತದೆ; ಬ್ಯಾಟರಿ ಸೊರಗಿದ್ದರೆ ಫೋಕಸ್ ನಿಧಾನವಾಗುವುದು ಸಹಜ. ನಿಮ್ಮ ಸೆಟ್ಟಿಂಗ್‌ಗಳನ್ನು ಕಾರ್ಡಿಗೆ ಸೇವ್ ಮಾಡಿಕೊಂಡು ಕ್ಯಾಮೆರಾವನ್ನು ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿ. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಲೆನ್ಸನ್ನೂ ಮೋಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯುವುದಿಲ್ಲ.

ಎರಡನೆಯ ಲೆನ್ಸ್ ಒಂದು ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ದೋಷ ಲೆನ್ಸ್‌ನ ಜೊತೆ ಹೋದರೆ ತಪ್ಪು ಲೆನ್ಸ್‌ನದು, ಬಾಡಿಯ ಜೊತೆ ಉಳಿದರೆ ಬಾಡಿಯದು.

ಫೋಕಸ್ ಕದಲುವುದೇ ಇಲ್ಲ

ಮೊದಲು ಲೆನ್ಸ್‌ನ ಪಕ್ಕದ ಎಎಫ್–ಎಂಎಫ್ (ಆಟೋಫೋಕಸ್–ಕೈಯಿಂದ ಫೋಕಸ್) ಸ್ವಿಚ್ ನೋಡಿ. ಬ್ಯಾಗಿನೊಳಗೆ ಹಾಕಿ ತೆಗೆಯುವಾಗ ಅದು ತಾನಾಗಿಯೇ ಸರಿದುಹೋಗಿರುತ್ತದೆ. ಆಮೇಲೆ ಕ್ಯಾಮೆರಾದ ಬೆನ್ನಿನ ಎಎಫ್-ಆನ್ ಗುಂಡಿ. ಆ ಗುಂಡಿಯಿಂದ ಮಾತ್ರ ಫೋಕಸ್ ಮಾಡುವಂತೆ ಯಾರಾದರೂ ಮೆನುವಿನಲ್ಲಿ ಬದಲಿಸಿದ್ದರೆ ಶಟರ್ ಗುಂಡಿಯನ್ನು ಎಷ್ಟು ಸಲ ಅರ್ಧ ಒತ್ತಿದರೂ ಮೋಟಾರ್ ಏಳುವುದಿಲ್ಲ. ಹಲವರು ಬಳಸುವ ಬಾಡಿಗಳಲ್ಲಿ ಇದನ್ನೇ ಮೊದಲು ಶಂಕಿಸಿ.

ಅದೂ ಸರಿಯಿದ್ದರೆ ಕ್ಯಾಮೆರಾ ಆಫ್ ಮಾಡಿ ಲೆನ್ಸ್ ಕಳಚಿ, ಮೌಂಟ್‌ನ (ಲೆನ್ಸ್ ಕೂರುವ ಬಳೆಯ) ಬಂಗಾರ ಬಣ್ಣದ ಸಂಪರ್ಕ ಬಿಂದುಗಳನ್ನು ನೋಡಿ. ಬೆವರು ಒಣಗಿದ ಕಲೆ, ಎಣ್ಣೆಯ ಪದರ, ನೂಲಿನೆಳೆ ಏನಾದರೂ ಅಂಟಿದ್ದರೆ ಬಾಡಿ ಮತ್ತು ಲೆನ್ಸ್ ನಡುವಿನ ಮಾತುಕತೆ ಕಡಿಯುತ್ತದೆ. ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ಒಂದು ಹನಿ ಹಾಕಿಕೊಂಡು ಮೆಲ್ಲಗೆ ಒರೆಸಿ. ನೇರವಾಗಿ ಮೌಂಟ್ ಮೇಲೆ ಸುರಿಯಬೇಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಕೆಲವರಿಗಿದೆ. ಅದು ಚಿನ್ನದ ಲೇಪವನ್ನು ಸವೆಸುತ್ತದೆ, ಉದುರಿದ ಪುಡಿ ಶಟರ್ ಕಡೆ ಹೋಗುತ್ತದೆ. ಬಾಡಿ ಕಡೆಯ ಸ್ಪ್ರಿಂಗ್ ಪಿನ್‌ಗಳಲ್ಲಿ ಒಂದು ಒಳಗೇ ಕುಸಿದು ಉಳಿದಿದ್ದರೆ ಅದನ್ನು ಕೆದಕಬೇಡಿ, ಸರ್ವೀಸ್‌ಗೆ ಕೊಡಿ.

ಹಳೆಯ ನಿಕಾನ್ ಲೆನ್ಸ್‌ಗಳಲ್ಲಿ ಕೆಲವಕ್ಕೆ ಸ್ವಂತ ಮೋಟಾರ್ ಇಲ್ಲ. ಬಾಡಿಯಲ್ಲಿರುವ ಸ್ಕ್ರೂ ಅವನ್ನು ತಿರುಗಿಸುತ್ತದೆ. ಬಾಡಿಯಲ್ಲಿ ಆ ಮೋಟಾರ್ ಇಲ್ಲದಿದ್ದರೆ ಆಟೋಫೋಕಸ್ ಆಗುವುದಿಲ್ಲ. ಅದು ದೋಷವಲ್ಲ. ಹಾಗೆಯೇ ಹೊಸ ಲೆನ್ಸ್‌ಗಳಲ್ಲಿ ಹಲವಕ್ಕೆ ಫೋಕಸ್ ರಿಂಗ್‌ಗೂ ಗಾಜಿಗೂ ನೇರ ಸಂಬಂಧವಿಲ್ಲ, ಎಲ್ಲವೂ ವಿದ್ಯುತ್ ಸಂಕೇತದ ಮೂಲಕ ನಡೆಯುತ್ತದೆ. ಕ್ಯಾಮೆರಾ ಆಫ್ ಇದ್ದಾಗ ರಿಂಗ್ ತಿರುಗಿಸಿದರೆ ಏನೂ ಆಗದಿರುವುದು ಸರಿಯೇ. ಲೀನಿಯರ್ ಮೋಟಾರ್ ಇರುವ ಕೆಲವು ಲೆನ್ಸ್‌ಗಳನ್ನು ಆಫ್ ಮಾಡಿ ಅಲುಗಾಡಿಸಿದರೆ ಒಳಗಿನ ಗಾಜಿನ ಗುಂಪು ಆಚೀಚೆ ಸರಿದು ಟಕ್ ಎನ್ನುತ್ತದೆ. ಆನ್ ಮಾಡಿದ ಕೂಡಲೇ ಆ ಸದ್ದು ನಿಂತರೆ ಚಿಂತೆ ಬೇಡ.

ಮೋಟಾರ್ ಸದ್ದು ಮಾಡುತ್ತಿದೆ, ಆದರೆ ಗಾಜು ಸರಿಯುತ್ತಿಲ್ಲ ಎಂದಾದರೆ ಅಲ್ಲಿಗೆ ನಿಲ್ಲಿಸಿ. ಗೇರ್ ಮುರಿದಿರಬಹುದು, ಅಲ್ಟ್ರಾಸಾನಿಕ್ ಮೋಟಾರಿನ ರಿಂಗ್ ಸವೆದಿರಬಹುದು. ಒತ್ತಾಯದಿಂದ ರಿಂಗ್ ತಿರುಗಿಸಿದರೆ ಇನ್ನಷ್ಟು ಕೆಡುತ್ತದೆ.

ಹಿಂದೆ ಮುಂದೆ ಓಡಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ

ಫೋಕಸ್ ವ್ಯವಸ್ಥೆಗೆ ಕಾಂಟ್ರಾಸ್ಟ್ ಇರುವ ಅಂಚು ಬೇಕು. ಬಿಳಿ ಗೋಡೆ, ಮಂಜು, ಒಂದೇ ಬಣ್ಣದ ಬಟ್ಟೆಯ ಮೇಲೆ ಯಾವ ಕ್ಯಾಮೆರಾವೂ ತಡಕಾಡುತ್ತದೆ. ದಪ್ಪಕ್ಷರದ ಮುದ್ರಿತ ಹಾಳೆಯನ್ನು ಹಗಲು ಬೆಳಕಿನಲ್ಲಿ ಗೋಡೆಗೆ ಅಂಟಿಸಿ ಮಧ್ಯದ ಫೋಕಸ್ ಬಿಂದುವಿನಿಂದ ಪ್ರಯತ್ನಿಸಿ. ಅಲ್ಲಿ ಹಿಡಿದರೆ ಯಂತ್ರ ಸರಿಯಿದೆ.

ಒಂದು ವಿಷಯ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ: ಸೆನ್ಸರ್ ಮೇಲೆಯೇ ಫೇಸ್ ಡಿಟೆಕ್ಷನ್ (ಎರಡು ಕಡೆಯಿಂದ ಬಂದ ಬೆಳಕನ್ನು ಹೋಲಿಸಿ ಫೋಕಸ್ ಅಳೆಯುವುದು, ಮುಖ ಗುರುತಿಸುವುದಲ್ಲ) ನಡೆಸುವ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿಗಳಲ್ಲಿ ಹಲವು, ಕ್ಯಾಮೆರಾ ಅಡ್ಡವಾಗಿದ್ದಾಗ ಲಂಬ ಗೆರೆಗಳನ್ನಷ್ಟೇ ಚೆನ್ನಾಗಿ ಗುರುತಿಸುತ್ತವೆ. ಕಿಟಕಿಯ ಅಡ್ಡಪಟ್ಟಿ, ಮೆಟ್ಟಿಲ ಅಂಚು, ಅಡ್ಡಗೆರೆಯ ಅಂಗಿ ಎದುರಾದರೆ ತಡಕಾಡುತ್ತವೆ. ಕ್ಯಾಮೆರಾವನ್ನು ಸುಮಾರು 45 ಡಿಗ್ರಿ ಓರೆ ಮಾಡಿ ಫೋಕಸ್ ಹಿಡಿದು, ಲಾಕ್ ಮಾಡಿಕೊಂಡು ನೇರ ಮಾಡಿ. ಓರೆಯಲ್ಲಿ ತಕ್ಷಣ ಹಿಡಿಯಿತೆಂದರೆ ಇದೇ ಕಾರಣ.

ತೀರಾ ಹತ್ತಿರ ನಿಂತಿದ್ದೀರಾ ಎಂದೂ ನೋಡಿಕೊಳ್ಳಿ. ಹೆಚ್ಚಿನ ಲೆನ್ಸ್‌ಗಳ ಮೇಲೆ ಕನಿಷ್ಠ ಫೋಕಸ್ ದೂರ ಬರೆದಿರುತ್ತದೆ, ಅದನ್ನು ಅಳೆಯುವುದು ಲೆನ್ಸ್‌ನ ತುದಿಯಿಂದಲ್ಲ, ಸೆನ್ಸರ್‌ನ ಸಮತಲದಿಂದ. ಟೆಲಿ ಮತ್ತು ಮ್ಯಾಕ್ರೊ ಲೆನ್ಸ್‌ಗಳಲ್ಲಿ ಲಿಮಿಟರ್ ಸ್ವಿಚ್ ದೂರದ ವ್ಯಾಪ್ತಿಗೆ ಸರಿದಿದ್ದರೆ ಹತ್ತಿರದ್ದು ಹಿಡಿಯುವುದೇ ಇಲ್ಲ, ಫುಲ್‌ಗೆ ತನ್ನಿ.

ಟೆಲಿಕನ್ವರ್ಟರ್ (ಬಾಡಿ–ಲೆನ್ಸ್ ನಡುವೆ ಸೇರಿಸಿ ದೃಶ್ಯ ಹಿಗ್ಗಿಸುವ ಗಾಜು) ಹಾಕಿದ್ದರೆ ಲೆಕ್ಕ ಹಾಕಿ. 1.4 ಪಟ್ಟಿನದು ಒಂದು ಸ್ಟಾಪ್ (ಬೆಳಕು ಅರ್ಧಕ್ಕಿಳಿಯುವ ಒಂದು ಹೆಜ್ಜೆ), 2 ಪಟ್ಟಿನದು ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಎಫ್ ಸಂಖ್ಯೆ ಅಪರ್ಚರ್‌ನ (ಲೆನ್ಸ್ ಬೆಳಕು ಬಿಡುವ ಕಿಂಡಿಯ) ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಎಫ್/4 ಲೆನ್ಸ್‌ಗೆ 2 ಪಟ್ಟಿನದು ಸೇರಿದರೆ ಎಫ್/8. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳು (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳು) ಎಫ್/5.6ರವರೆಗೆ ಎಲ್ಲ ಬಿಂದುಗಳಲ್ಲೂ, ಉತ್ತಮ ಬಾಡಿಗಳು ಎಫ್/8ರಲ್ಲಿ ಮಧ್ಯದ ಕೆಲವು ಬಿಂದುಗಳಲ್ಲೂ ಕೆಲಸ ಮಾಡುತ್ತವೆ. ಅದರಾಚೆ ತಡಕಾಟ ಖಚಿತ. ಡಿಎಸ್‌ಎಲ್‌ಆರ್ ಮೇಲೆ ಲೀನಿಯರ್ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಒಂದು ಬಗೆಯ ಫಿಲ್ಟರ್) ಹಾಕಿದರೂ ಫೋಕಸ್ ಮತ್ತು ಮೀಟರ್ (ಬೆಳಕು ಅಳೆಯುವ ಭಾಗ) ಎರಡೂ ದಾರಿ ತಪ್ಪುತ್ತವೆ. ಅರೆಪಾರದರ್ಶಕ ಕನ್ನಡಿಯಿಂದ ಹಾದುಬರುವ ಬೆಳಕನ್ನು ಅದು ಏರುಪೇರು ಮಾಡುತ್ತದೆ. ಸರ್ಕ್ಯುಲರ್ ಪೋಲರೈಸರ್ ಬಳಸಿ.

ಫೋಕಸ್ ಆಯಿತೆಂದು ಬೀಪ್ ಬಂತು, ಚಿತ್ರ ಮಾತ್ರ ಮಸುಕು

ಎಲ್ಲಕ್ಕಿಂತ ಹೆಚ್ಚು ಗೊಂದಲ ಇಲ್ಲೇ. ಕ್ಯಾಮೆರಾ ಮುಟ್ಟುವ ಮೊದಲು ಚಿತ್ರವನ್ನು ಶೇ. 100ಕ್ಕೆ ಹಿಗ್ಗಿಸಿ ಓದಿ. ಕಣ್ಣು ಮಸುಕಾಗಿದ್ದು ಕಿವಿ ಅಥವಾ ಮೂಗಿನ ತುದಿ ಚೂಪಾಗಿದ್ದರೆ ಫೋಕಸ್ ಬೇರೆ ಕಡೆ ಕೂತಿದೆ. ಎಲ್ಲ ಅಂಚುಗಳೂ ಒಂದೇ ದಿಕ್ಕಿಗೆ ಎಳೆದಂತೆ, ಜೋಡಿಯಾದಂತೆ ಕಂಡರೆ ಕೈ ನಡುಗಿದೆ. ಹಿನ್ನೆಲೆ ಚೂಪಾಗಿದ್ದು ವ್ಯಕ್ತಿಯ ಕೈ ಮಾತ್ರ ಎಳೆದಿದ್ದರೆ ವ್ಯಕ್ತಿ ಅಲುಗಾಡಿದ್ದಾರೆ. ಎಲ್ಲೂ ಚೂಪಿಲ್ಲ, ಎಳೆತವೂ ಇಲ್ಲ, ಬಣ್ಣ ಸಪ್ಪೆ ಎಂದರೆ ಗಾಜಿನ ಮೇಲೆ ಏನೋ ಇದೆ.

ಕೈ ನಡುಕಕ್ಕೆ ಹಳೆಯ ಲೆಕ್ಕ ಈಗಲೂ ಸರಿ: 200 ಮಿ.ಮೀ. ಲೆನ್ಸ್‌ಗೆ ಕನಿಷ್ಠ 1/200 ಸೆಕೆಂಡ್. ಹೆಚ್ಚು ಮೆಗಾಪಿಕ್ಸೆಲ್‌ನ ಬಾಡಿಯಾದರೆ ಅದರ ಎರಡರಷ್ಟು ವೇಗ ಇಟ್ಟುಕೊಳ್ಳುವುದು ಕ್ಷೇಮ. ಬಿಸಿಲಿನಲ್ಲಿ ಉದ್ದ ಟೆಲಿಯಿಂದ ಕಾದ ನೆಲದ ಮೇಲೆ ತೆಗೆದ ಚಿತ್ರಗಳು ಒಂದೊಂದೂ ಒಂದೊಂದು ಬಗೆಯಲ್ಲಿ ಮಸುಕಾಗಿದ್ದರೆ ಕಾರಣ ಬಿಸಿಗಾಳಿಯ ಅಲೆ. ಎಂಥ ಲೆನ್ಸ್‌ನಿಂದಲೂ ಅದನ್ನು ಗೆಲ್ಲಲಾಗದು. ಅದೇ ಜಾಗದಲ್ಲಿ ಬೆಳಗಿನ ಹೊತ್ತು ಮತ್ತೆ ತೆಗೆದು ಹೋಲಿಸಿ.

ಇನ್ನೊಂದು ಬಹು ಸಾಮಾನ್ಯ ಕಾರಣ: ಮಧ್ಯದ ಬಿಂದುವಿನಿಂದ ಕಣ್ಣಿಗೆ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಮಾಡುವುದು. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಬಾಡಿಯಲ್ಲಿ 85 ಮಿ.ಮೀ., ಎಫ್/1.4, ದೂರ 1.5 ಮೀಟರ್ ಎಂದುಕೊಳ್ಳಿ. ಚೂಪಾಗಿ ಕಾಣುವ ಆಳ ಒಟ್ಟು ಸುಮಾರು 2.6 ಸೆಂ.ಮೀ., ಅಂದರೆ ಕಣ್ಣಿನಿಂದ ಹಿಂದಕ್ಕೂ ಮುಂದಕ್ಕೂ 1.3 ಸೆಂ.ಮೀ. ಅಷ್ಟೆ. ಫೋಕಸ್ ಹಿಡಿದ ಮೇಲೆ ಕ್ಯಾಮೆರಾವನ್ನು 10 ಡಿಗ್ರಿ ತಿರುಗಿಸಿದರೆ ಫೋಕಸ್‌ನ ಸಮತಲ ಕಣ್ಣಿನಿಂದ ಸುಮಾರು 2.3 ಸೆಂ.ಮೀ. ಹಿಂದಕ್ಕೆ ಹೋಗಿಬಿಡುತ್ತದೆ. ಕಣ್ಣು ಮಸುಕು, ಕಿವಿಯ ಕಡೆ ಚೂಪು. ಇಲ್ಲಿ ಲೆನ್ಸೂ ತಪ್ಪು ಮಾಡಿಲ್ಲ, ಬಾಡಿಯೂ ಮಾಡಿಲ್ಲ. ಕಣ್ಣಿನ ಮೇಲೆಯೇ ಬಿಂದುವನ್ನು ಸರಿಸಿ ಇಡಿ, ಇಲ್ಲವೇ ಕಣ್ಣನ್ನು ತಾನೇ ಹುಡುಕುವ ಐ ಡಿಟೆಕ್ಷನ್ ಬಳಸಿ.

ಇವೆಲ್ಲ ಸರಿಯಿದ್ದೂ ಡಿಎಸ್‌ಎಲ್‌ಆರ್ ಪ್ರತಿ ಸಲ ಒಂದೇ ಕಡೆಗೆ ತಪ್ಪುತ್ತಿದ್ದರೆ ಫ್ರಂಟ್ ಫೋಕಸ್ ಅಥವಾ ಬ್ಯಾಕ್ ಫೋಕಸ್ (ಫೋಕಸ್ ಗುರಿಯ ಮುಂದೆ ಅಥವಾ ಹಿಂದೆ ಬೀಳುವ ದೋಷ) ಪರೀಕ್ಷೆ ಮಾಡಿ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಕನ್ನಡಿಯ ಕೆಳಗೆ ಬೇರೆಯೇ ಇದೆ. ಅದಕ್ಕೂ ಚಿತ್ರ ಹಿಡಿಯುವ ಸೆನ್ಸರ್‌ಗೂ ಇರುವ ದೂರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಫೋಕಸ್ ಸರಿಯುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ನೇರ ನಿಲ್ಲಿಸಿದ ಗುರಿಹಲಗೆಯ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಇಡಿ. ದೂರ ಫೋಕಲ್ ಲೆಂಗ್ತ್‌ನ (ಲೆನ್ಸ್‌ನ ಮಿ.ಮೀ. ಅಳತೆಯ) 25ರಿಂದ 50 ಪಟ್ಟು ಇರಲಿ: 50 ಮಿ.ಮೀ.ಗೆ ಗರಿಷ್ಠ 2.5 ಮೀಟರ್. ಅಪರ್ಚರ್ ಪೂರ್ತಿ ತೆರೆದಿರಲಿ, ಸ್ಟೆಬಿಲೈಸರ್ ಆಫ್, ಟೈಮರ್ ಆನ್. ಪ್ರತಿ ಚಿತ್ರಕ್ಕೂ ಮೊದಲು ರಿಂಗ್ ತಿರುಗಿಸಿ ಫೋಕಸ್ ಕೆಡಿಸಿ, ಆಮೇಲೆ ಕ್ಯಾಮೆರಾಕ್ಕೇ ಹಿಡಿಯಲು ಬಿಡಿ. ಹೀಗೆ ಹತ್ತು ಚಿತ್ರ ತೆಗೆಯಿರಿ. ಹತ್ತೂ ಒಂದೇ ಕಡೆ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಮೆನುವಿನ ಎಎಫ್ ಮೈಕ್ರೊ ಅಡ್ಜಸ್ಟ್‌ಮೆಂಟ್‌ನಿಂದ ತಿದ್ದಬಹುದು. ಕ್ಯಾನನ್, ನಿಕಾನ್ ಎರಡರಲ್ಲೂ ಅದು -20ರಿಂದ +20ರವರೆಗೆ ಇದೆ. 5ರ ಹೆಜ್ಜೆಯಲ್ಲಿ ಸರಿಸುತ್ತ ಬಂದು ಕೊನೆಯಲ್ಲಿ ಒಂದೊಂದಾಗಿ ನೋಡಿ. ಹತ್ತು ಚಿತ್ರಗಳು ಒಮ್ಮೆ ಮುಂದೆ ಒಮ್ಮೆ ಹಿಂದೆ ಚೆದುರಿದ್ದರೆ ತಿದ್ದಲು ಹೋಗಬೇಡಿ, ಅದು ಮೋಟಾರ್ ಅಥವಾ ಗಾಜಿನ ಸಡಿಲತೆಯ ಗುರುತು. 20 ಮುಟ್ಟಿದರೂ ಸಾಲದಿದ್ದರೆ ಅದೂ ಸರ್ವೀಸ್‌ನವರ ಕೆಲಸವೇ.

ಮಿರರ್‌ಲೆಸ್‌ನಲ್ಲಿ ಚಿತ್ರದ ಸೆನ್ಸರೇ ಫೋಕಸನ್ನೂ ಅಳೆಯುವುದರಿಂದ ಈ ತಿದ್ದುಪಡಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಲ್ಲಿ ಪೂರ್ತಿ ತೆರೆದಾಗ ಚೂಪು, ಎಫ್/2.8 ಅಥವಾ ಎಫ್/4ಕ್ಕೆ ಇಳಿಸಿದಾಗ ಫೋಕಸ್ ಹಿಂದಕ್ಕೆ ಸರಿದಂತೆ ಕಂಡರೆ ಅದು ಕೆಲವು ಎಫ್/1.2, ಎಫ್/1.4 ಲೆನ್ಸ್‌ಗಳ ಹುಟ್ಟುಗುಣ. ಫೋಕಸ್ ಶಿಫ್ಟ್ ಎನ್ನುತ್ತಾರೆ.

ಚಿತ್ರ ಚೂಪಾಗಿದ್ದು ವ್ಯೂಫೈಂಡರ್ ಮಾತ್ರ ಮಸುಕಾಗಿ ಕಾಣುತ್ತಿದ್ದರೆ ಡಯಾಪ್ಟರ್ (ವ್ಯೂಫೈಂಡರನ್ನು ಕಣ್ಣಿನ ಪವರ್‌ಗೆ ಹೊಂದಿಸುವ) ಗುಂಡಿ ತಿರುಗಿದೆ. ಒಳಗಿನ ಅಂಕಿಗಳು ಸ್ಪಷ್ಟವಾಗುವವರೆಗೆ ತಿರುಗಿಸಿದರೆ ಮುಗಿಯಿತು.

ನಿಂತದ್ದು ಚೂಪು, ಓಡುವುದು ಮಸುಕು

ಮೋಡ್ ಎಡೆಬಿಡದೆ ಫೋಕಸ್ ಮಾಡುವ ಎಎಫ್-ಸಿ ಅಥವಾ ಸರ್ವೊದಲ್ಲಿ ಇರಬೇಕು. ಎಎಫ್-ಎಸ್ ಅಥವಾ ಒನ್ ಶಾಟ್‌ನಲ್ಲಿ ಫೋಕಸ್ ಒಮ್ಮೆ ಲಾಕ್ ಆದರೆ ಮುಗಿಯಿತು. ಸಬ್ಜೆಕ್ಟ್ ಡಿಟೆಕ್ಷನ್ ಪ್ರಾಣಿಗಳಿಗೆಂದು ಇದ್ದರೆ ಮನುಷ್ಯರ ಕಣ್ಣು ಹುಡುಕುವಲ್ಲಿ ಎಡವುತ್ತದೆ. ಮೆನುವಿನಲ್ಲಿ ರಿಲೀಸ್ ಪ್ರಯಾರಿಟಿ ಇದ್ದರೆ ಫೋಕಸ್ ಆಗದಿದ್ದರೂ ಶಟರ್ ಬೀಳುತ್ತದೆ. ಫೋಕಸ್ ಪ್ರಯಾರಿಟಿಗೆ ಬದಲಿಸಿ ಹೋಲಿಸಿ. ವಸ್ತುವಿನ ಮುಂದೆ ಯಾರಾದರೂ ಹಾದುಹೋದ ತಕ್ಷಣ ಫೋಕಸ್ ಅವರ ಮೇಲೆ ಹಾರಿದರೆ ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು ಇಳಿಸಿ.

ಒಂದು ಬದಿ ಮಾತ್ರ ಮಸುಕು

ದೂರದ ಕಟ್ಟಡವೋ ಮರಗಳ ಸಾಲೋ ಅಡ್ಡಕ್ಕೆ ತುಂಬಿಕೊಳ್ಳುವಂತೆ ಟ್ರೈಪಾಡ್ ಮೇಲಿಂದ ಒಂದು ಚಿತ್ರ, ಕ್ಯಾಮೆರಾವನ್ನು ತಲೆಕೆಳಗಾಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ಮಸುಕು ದೃಶ್ಯದ ಜೊತೆ ಉಳಿದರೆ ಅದು ದೃಶ್ಯದ ದೂರದ ವ್ಯತ್ಯಾಸ. ಫ್ರೇಮಿನ ಅದೇ ಬದಿಗೆ ಅಂಟಿಕೊಂಡು ಬಂದರೆ ಲೆನ್ಸ್‌ನೊಳಗಿನ ಗಾಜು ಕೇಂದ್ರ ತಪ್ಪಿದೆ, ಬಿದ್ದು ಪೆಟ್ಟಾದ ಲೆನ್ಸ್‌ಗಳಲ್ಲಿ ಹೀಗಾಗುತ್ತದೆ. ಬೇರೆ ಲೆನ್ಸ್ ಹಾಕಿದರೂ ಅದೇ ಬದಿ ಮಸುಕೆಂದರೆ ಮೌಂಟ್ ಅಥವಾ ಸೆನ್ಸರ್ ಓರೆಯಾಗಿದೆ. ಎರಡನ್ನೂ ಮನೆಯಲ್ಲಿ ಸರಿಪಡಿಸಲಾಗದು.

ಎಲ್ಲವೂ ಮಂಜು ಮುಸುಕಿದಂತೆ

ಫಿಲ್ಟರ್ ತೆಗೆದು ನೋಡಿ. ಆಮೇಲೆ ಲೆನ್ಸ್ ಕಳಚಿ, ಅಪರ್ಚರ್ ತೆರೆದು, ಒಂದು ಬದಿಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಒಂದೆರಡು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗದು. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಫಂಗಸ್. ಆ ಲೆನ್ಸನ್ನು ಉಳಿದವುಗಳಿಂದ ಬೇರೆಯಾಗಿಟ್ಟು ಬೇಗ ಸರ್ವೀಸ್‌ಗೆ ಕೊಡಿ, ತಡವಾದರೆ ಗಾಜಿನ ಲೇಪವನ್ನೇ ಅದು ಕೊರೆಯುತ್ತದೆ. ಲೆನ್ಸ್ ಇಡುವ ಪೆಟ್ಟಿಗೆಯ ತೇವಾಂಶ ಶೇ. 40–50ರಲ್ಲಿರಲಿ. ತಣ್ಣನೆಯ ಕೋಣೆಯಿಂದ ಬೆಚ್ಚನೆಯ ತೇವದ ಗಾಳಿಗೆ ಬಂದಾಗ ಕೂರುವ ಹಬೆಗೆ ಮದ್ದು ಸುಲಭ: ಹೊರಬರುವ ಮುನ್ನವೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ. ಹಬೆ ಕೂತಿರುವಾಗ ಲೆನ್ಸ್ ಕಳಚಬೇಡಿ.

ಎಲ್ಲ ಚಿತ್ರಗಳೂ ಕಪ್ಪು, ಅಥವಾ ಎಲ್ಲವೂ ಬಿಳಿ

ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚು-ಕಡಿಮೆ ಮಾಡುವ) ಡಯಲ್ ಸೊನ್ನೆಯಲ್ಲಿದೆಯೇ? ಮೀಟರಿಂಗ್ ಸ್ಪಾಟ್‌ನಲ್ಲಿ (ಒಂದು ಚುಕ್ಕಿಯ ಬೆಳಕನ್ನಷ್ಟೇ ಅಳೆಯುವ ಮೋಡ್‌ನಲ್ಲಿ) ಉಳಿದುಬಿಟ್ಟಿದೆಯೇ? ಆಟೊ ಐಎಸ್‌ಒಗೆ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟಕ್ಕೆ) ಗರಿಷ್ಠ ಮಿತಿ ಹಾಕಿದ್ದೀರಾ? ಈ ಮೂರರಲ್ಲೇ ಸಾಮಾನ್ಯವಾಗಿ ಉತ್ತರ ಸಿಗುತ್ತದೆ.

ಮೀಟರ್ ಯಾವ ದೃಶ್ಯವನ್ನೂ ನಡುಬೂದು ಎಂದೇ ಭಾವಿಸುತ್ತದೆ. ಅಚ್ಚಬಿಳಿ ಬಟ್ಟೆ ಫ್ರೇಮ್ ತುಂಬಿದರೆ ಅದನ್ನು ಬೂದು ಮಾಡಲು ಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ಕಾಂಪೆನ್ಸೇಷನ್ +1ರಿಂದ +2 ಕೊಡಿ. ಕಪ್ಪು ಹಿನ್ನೆಲೆಗೆ ಇದರ ತಿರುಗುಮುರುಗು. ಮೀಟರ್ ನಿಜವಾಗಿಯೂ ಕೆಟ್ಟಿದೆಯೇ ಎಂದು ತಿಳಿಯಲು ಶೇ. 18ರ ಗ್ರೇ ಕಾರ್ಡನ್ನು ಫ್ರೇಮ್ ತುಂಬ ಇಟ್ಟು ತೆಗೆಯಿರಿ, ಹಿಸ್ಟೋಗ್ರಾಮ್‌ನ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ) ಗುಡ್ಡ ನಡುವಿನ ಆಸುಪಾಸಿನಲ್ಲಿ ನಿಲ್ಲಬೇಕು. ಕಾರ್ಡ್ ಇಲ್ಲದಿದ್ದರೆ ಮೋಡವಿಲ್ಲದ ನಡುಹಗಲ ಬಿಸಿಲಲ್ಲಿ ಐಎಸ್‌ಒ 100ಕ್ಕೆ ಮೀಟರ್ ಎಫ್/16, 1/125ರ ಹತ್ತಿರ ತೋರಿಸುತ್ತಿದೆಯೇ ನೋಡಿ.

ಡಿಎಸ್‌ಎಲ್‌ಆರನ್ನು ಟ್ರೈಪಾಡ್ ಮೇಲಿಟ್ಟು ದೂರದಿಂದ ಕ್ಲಿಕ್ ಮಾಡಿದಾಗ ಮಾತ್ರ ಚಿತ್ರ ಕಪ್ಪಾಗುತ್ತಿದ್ದರೆ ಐಪೀಸ್‌ನಿಂದ (ಕಣ್ಣಿಟ್ಟು ನೋಡುವ ಕಿಂಡಿಯಿಂದ) ಬೆಳಕು ನುಗ್ಗುತ್ತಿದೆ. ಮೀಟರ್‌ನ ಸೆನ್ಸರ್ ಇರುವುದು ವ್ಯೂಫೈಂಡರ್ ಕಡೆ. ಐಪೀಸ್ ಶಟರ್ ಮುಚ್ಚಿ.

ತೆರೆದ ಅಪರ್ಚರ್‌ನಲ್ಲಿ ಸರಿ, ಕಿರಿದಾಗಿಸಿದರೆ ಅತಿ ಬೆಳಕು

ಇದು ಲೆನ್ಸ್‌ನೊಳಗಿನ ಬ್ಲೇಡ್‌ಗಳ ಕಡೆ ನೇರವಾಗಿ ಬೊಟ್ಟು ಮಾಡುವ ಲಕ್ಷಣ. ಫೋಕಸ್ ಮತ್ತು ವ್ಯೂಫೈಂಡರ್‌ಗೆ ಬೆಳಕು ಬೇಕಾದ್ದರಿಂದ ಡಿಎಸ್‌ಎಲ್‌ಆರ್ ಲೆನ್ಸ್ ಸದಾ ಪೂರ್ತಿ ತೆರೆದಿರುತ್ತದೆ, ಕ್ಲಿಕ್ ಮಾಡಿದ ಕ್ಷಣದಲ್ಲಿ ಬ್ಲೇಡ್‌ಗಳು ಹೇಳಿದ ಅಳತೆಗೆ ಮುಚ್ಚಿಕೊಳ್ಳುತ್ತವೆ. ಎಣ್ಣೆ ಅಂಟಿದ್ದರೆ ನಿಧಾನವಾಗಿ ಮುಚ್ಚುತ್ತವೆ, ಅಷ್ಟರಲ್ಲಿ ಶಟರ್ ಬಿದ್ದಿರುತ್ತದೆ.

ಹಗಲು ಬೆಳಕಿನಲ್ಲಿ ಒಂದು ಗೋಡೆಯನ್ನು ಮ್ಯಾನುವಲ್ ಮೋಡ್‌ನಲ್ಲಿ ಹೀಗೆ ತೆಗೆಯಿರಿ: ಎಫ್/2.8 – 1/1000, ಎಫ್/4 – 1/500, ಎಫ್/5.6 – 1/250, ಎಫ್/8 – 1/125, ಎಫ್/11 – 1/60, ಎಫ್/16 – 1/30. ಐಎಸ್‌ಒ ಬದಲಿಸಬೇಡಿ. ಆರೂ ಚಿತ್ರಗಳು ಹೆಚ್ಚುಕಡಿಮೆ ಒಂದೇ ಬೆಳಕಿನಲ್ಲಿ ಬರಬೇಕು. ಮೊದಲ ಚಿತ್ರದ ಮೂಲೆ ತುಸು ಕಪ್ಪಿದ್ದರೆ ಲೆಕ್ಕಕ್ಕಿಲ್ಲ. ಎಫ್/8ರಿಂದ ಮುಂದಕ್ಕೆ ಹೋದಂತೆ ಬೆಳ್ಳಗಾಗುತ್ತ ಹೋದರೆ ಬ್ಲೇಡ್ ಸಾಕಷ್ಟು ಮುಚ್ಚುತ್ತಿಲ್ಲ. ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿ ಲೆನ್ಸ್‌ನ ಮುಂದಿನಿಂದ ನೋಡಿದರೆ ಬ್ಲೇಡ್‌ಗಳು ಕಾಣುತ್ತವೆ: ಥಟ್ಟನೆ ಮುಚ್ಚಬೇಕು, ಥಟ್ಟನೆ ತೆರೆಯಬೇಕು. ಬ್ಲೇಡ್ ಮೇಲೆ ಎಣ್ಣೆಯ ಮಿನುಗು ಕಂಡರೆ ಅನುಮಾನವೇ ಬೇಡ.

ಒಂದು ಫ್ರೇಮ್ ಬೆಳಕು, ಮುಂದಿನದು ಕಪ್ಪು, ಅಥವಾ ಅಡ್ಡಪಟ್ಟಿಗಳು

ಒಳಾಂಗಣದಲ್ಲಿ ಮಾತ್ರ ಹೀಗಾದರೆ ದೀಪಗಳ ಮಿಣುಕು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಟ್ಯೂಬ್‌ಲೈಟ್ ಮತ್ತು ಎಷ್ಟೋ ಎಲ್‌ಇಡಿಗಳು ಸೆಕೆಂಡಿಗೆ 100 ಸಲ, 60 ಹರ್ಟ್ಸ್‌ನಲ್ಲಿ 120 ಸಲ ಮಿಣುಕುತ್ತವೆ. 50ರಲ್ಲಿ ಶಟರ್ ವೇಗ 1/50 ಅಥವಾ 1/100, 60ರಲ್ಲಿ 1/60 ಅಥವಾ 1/125 ಇಟ್ಟರೆ ಸಮವಾಗುತ್ತದೆ. ಹೆಚ್ಚು ವೇಗ ಬೇಕಿದ್ದರೆ ಆಂಟಿ ಫ್ಲಿಕರ್ ಆನ್ ಮಾಡಿ, ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ.

ಫ್ಲ್ಯಾಶ್ ಹಾಕಿದಾಗ ಮಾತ್ರ ಒಂದು ಅಂಚಿನಲ್ಲಿ ಕಪ್ಪುಪಟ್ಟಿ ಬಂದರೆ ಸಿಂಕ್ ವೇಗ (ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) ಮೀರಿದ್ದೀರಿ. ಹೆಚ್ಚಿನ ಬಾಡಿಗಳಲ್ಲಿ ಅದು 1/200 ಅಥವಾ 1/250.

ಹಗಲಲ್ಲೂ, ಫ್ಲ್ಯಾಶ್ ಇಲ್ಲದೆಯೂ, ವೇಗ ಏರಿದಂತೆ ಒಂದು ಅಂಚು ಕಪ್ಪಾಗುತ್ತಿದ್ದರೆ ಶಟರ್ ಪರದೆಗಳ ಓಟ ಹೊಂದುತ್ತಿಲ್ಲ. ಬಿಳಿ ಗೋಡೆಯನ್ನು ಎಫ್/8ರಲ್ಲಿ ಮೊದಲು 1/250, ಐಎಸ್‌ಒ 100ಕ್ಕೆ, ಆಮೇಲೆ 1/8000, ಐಎಸ್‌ಒ 3200ಕ್ಕೆ ತೆಗೆಯಿರಿ. ಎರಡೂ ಲೆಕ್ಕಕ್ಕೆ ಸಮ. ಎರಡನೆಯದರಲ್ಲಿ ಮಾತ್ರ ಒಂದು ಬದಿ ಕಪ್ಪಿದ್ದರೆ ಶಟರ್ ಸೋತಿದೆ. ಈ ಪರೀಕ್ಷೆಯನ್ನು ಪೂರ್ತಿ ಮೆಕ್ಯಾನಿಕಲ್ ಶಟರ್‌ನಲ್ಲೇ ಮಾಡಿ. ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ಮೋಡ್) ಅತಿವೇಗದಲ್ಲಿ ತಾನೇ ಅಸಮ ಬೆಳಕು ಕೊಡಬಲ್ಲದು. ಪರದೆಯನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟಬೇಡಿ. ಡಬ್ಬಿಯ ಒತ್ತಡದ ಗಾಳಿಯಂತೂ ಬೇಡವೇ ಬೇಡ, ಬ್ಲೇಡ್ ಬಾಗಿಹೋಗುತ್ತದೆ.

ಪರದೆಯ ಮೇಲೆ ಎರರ್

ಕ್ಯಾನನ್‌ನಲ್ಲಿ ಎರರ್ 01 ಎಂದರೆ ಬಾಡಿ ಮತ್ತು ಲೆನ್ಸ್ ನಡುವಿನ ಸಂಪರ್ಕ ಕಡಿದಿದೆ. ಸಂಪರ್ಕ ಬಿಂದುಗಳನ್ನು ಒರೆಸಿದ ಮೇಲೂ ಬಂದರೆ ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಒಂದು, ಎಫ್/8ರಲ್ಲಿ ಒಂದು ತೆಗೆದು ನೋಡಿ. ತೆರೆದಾಗ ಬಾರದೆ ಕಿರಿದಾಗಿಸಿದಾಗ ಮಾತ್ರ ಬಂದರೆ ಅಪರ್ಚರ್ ಘಟಕ ಅಥವಾ ಅದರ ಫ್ಲೆಕ್ಸ್ ಕೇಬಲ್ ಕೆಟ್ಟಿದೆ. ನಿಕಾನ್‌ನಲ್ಲಿ ಎಫ್‌ಇಇ ಎಂದು ಮಿನುಗಿದರೆ ಹಳೆಯ ಲೆನ್ಸ್‌ನ ಅಪರ್ಚರ್ ರಿಂಗನ್ನು ಅತಿ ದೊಡ್ಡ ಸಂಖ್ಯೆಗೆ ತಿರುಗಿಸಿ ಲಾಕ್ ಮಾಡಿ. ಬೇರೆ ಕಂಪನಿಯ ಲೆನ್ಸ್ ಹೊಸ ಬಾಡಿಯ ಜೊತೆ ತಗಾದೆ ತೆಗೆದರೆ ಲೆನ್ಸ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ನಡುವೆ ಬ್ಯಾಟರಿ ತೀರದಂತೆ ನೋಡಿಕೊಳ್ಳಿ.

ಇಲ್ಲಿಗೆ ನಿಲ್ಲಿಸಿ

ಲೆನ್ಸ್ ಬಿದ್ದ ಮೇಲೆ ರಿಂಗ್ ಬಿಗಿಯಾಗಿದ್ದರೆ, ನೀರು ಒಳಗೆ ಹೋಗಿದ್ದರೆ, ಸುಟ್ಟ ವಾಸನೆ ಬಂದರೆ ತಕ್ಷಣ ಬ್ಯಾಟರಿ ತೆಗೆಯಿರಿ, ಮತ್ತೆ ಆನ್ ಮಾಡಿ ನೋಡಬೇಡಿ. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಫ್ಲ್ಯಾಶನ್ನು ಎಂದಿಗೂ ಬಿಚ್ಚಬೇಡಿ: ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ವಿದ್ಯುತ್ ಇರುತ್ತದೆ, ಆಫ್ ಮಾಡಿ ಬಹಳ ಹೊತ್ತಾದರೂ ಹೊಡೆಯಬಲ್ಲದು. ಪರೀಕ್ಷೆಗೆಂದು ಸೂರ್ಯನತ್ತ ಲೆನ್ಸ್ ತಿರುಗಿಸಬೇಡಿ. ಆಪ್ಟಿಕಲ್ ವ್ಯೂಫೈಂಡರ್‌ನಲ್ಲಿ ಕಣ್ಣಿಗೇ ಅಪಾಯ, ಮಿರರ್‌ಲೆಸ್‌ನಲ್ಲಿ ಸೆನ್ಸರ್ ಅಥವಾ ಶಟರ್ ಪರದೆ ಸುಡುತ್ತದೆ. ವೇದಿಕೆಯ ಲೇಸರ್ ಕಿರಣ ನೇರವಾಗಿ ಬಿದ್ದರೂ ಸೆನ್ಸರ್‌ಗೆ ಶಾಶ್ವತ ಹಾನಿಯಾಗುತ್ತದೆ.

ಸರ್ವೀಸ್‌ಗೆ ಕೊಡುವಾಗ ದೋಷ ಕಂಡ ಮೂಲ ಫೈಲ್‌ಗಳನ್ನು ತಿದ್ದದೆ ಜೊತೆಗೆ ಕೊಡಿ. ಶಟರ್ ವೇಗ, ಅಪರ್ಚರ್, ಫೋಕಲ್ ಲೆಂಗ್ತ್ ಎಲ್ಲವೂ ಅವುಗಳೊಳಗೇ ದಾಖಲಾಗಿರುತ್ತವೆ. ಫೋಕಸ್ ದೂರಿದ್ದರೆ ಲೆನ್ಸ್ ಮತ್ತು ಬಾಡಿ ಎರಡನ್ನೂ ಒಟ್ಟಿಗೆ ಒಯ್ಯಿರಿ. ಒಂದನ್ನೇ ಕೊಟ್ಟರೆ ಅವರು ತಮ್ಮ ಬಾಡಿಗೆ ಹೊಂದಿಸಿ ಕೊಡುತ್ತಾರೆ, ನಿಮ್ಮದರ ಮೇಲೆ ಅದೇ ಲೆನ್ಸ್ ಮತ್ತೆ ತಪ್ಪಬಹುದು.